ಹೊಳಿಗೆ ಹಾಕಿದ ವೋಟು

ಯಡೂರಿನ ವೀರಭದ್ರನ ಗುಡಿ ಹತ್ತಿರ ಚಹಾ ಕುಡಿಯುವಾಗ ಹಿರಿಯರೊಬ್ಬರು ಅಂದರು: "ತಮ್ಮಾ, ಇರೂವು ಎರಡ ಪಕ್ಷ. ಮೂರನೇದಕ್ಕ ಒತ್ತಿದ್ರ ವೋಟು ಹೊಳಿಗಿ ಹಾಕಿದಂಗ." ಹೊಳೆ ಅಂದರೆ ಇಲ್ಲೇ ಮಗ್ಗುಲಿನ ಕೃಷ್ಣೆ.

ನನಗೆ 2023ರ ವಿಧಾನಸಭಾ ಚುನಾವಣೆ ನೆನಪಾಯಿತು. ನಿಪ್ಪಾಣಿಯಲ್ಲಿ ಎರಡನೇ ಸ್ಥಾನ ಎನ್‌ಸಿಪಿಯ ಉತ್ತಮ ಪಾಟೀಲರದು. ರಾಯಬಾಗದಲ್ಲಿ ಪಕ್ಷೇತರ ಶಂಭು ಕಲ್ಲೋಳಿಕರ ಸೋತದ್ದು ಮೂರು ಸಾವಿರಕ್ಕೂ ಕಡಿಮೆ ಮತಗಳಿಂದ. ಎರಡೂ ಕಡೆ ಗೆದ್ದದ್ದು ಬಿಜೆಪಿ, ಮೂರನೇದಾಗಿ ಉಳಿದದ್ದು ಕಾಂಗ್ರೆಸ್. ಹಾಗಾದರೆ ಅಲ್ಲಿ ಹೊಳೆಗೆ ಬಿದ್ದ ವೋಟು ಯಾವುದು?

ಪಕ್ಷೇತರರೆಲ್ಲ ಸಾಚಾ ಎಂದೇನಲ್ಲ. ಟಿಕೆಟ್ ಸಿಗದೆ ಮುನಿಸಿಕೊಂಡು ನಿಂತವರೂ ಇರುತ್ತಾರೆ. ಆದರೂ ಎರಡೇ ಅಂಗಡಿ ಇರುವ ಸಂತೆಯಲ್ಲಿ ದರ ಯಾರು ಕಟ್ಟುತ್ತಾರೆಂದು ರೈತನಿಗೆ ಬೇರೆ ಹೇಳಬೇಕಿಲ್ಲ. 2013ರಿಂದ ನೋಟಾ ಇದೆ, ನಿಜ. ಅದಕ್ಕೇ ಹೆಚ್ಚು ಮತ ಬಿದ್ದರೂ ಗೆಲ್ಲುವವರು ಅದರ ನಂತರದವರೇ. ನೋಟಾದಲ್ಲಿ ಬೇಡ ಅನ್ನಬಹುದು, ಇಂಥವರು ಬೇಕು ಅನ್ನಲಾಗದು.

ಮುಂದಿನ ಸಲ ಯಂತ್ರದ ಮುಂದೆ ನಿಂತಾಗ ಹೆಸರುಗಳನ್ನು ಕೊನೆತನಕ ಓದಿ, ಆಮೇಲೆ ಗುಂಡಿ ಒತ್ತಿ.