ಅಕ್ಕಿ ಮುಗಿದರೆ ತರುವವರು ಯಾರು?

ಸಿನಿಮಾ ನೋಡಿ ಬಂದವರ ತೀರ್ಪು ಸಾಮಾನ್ಯವಾಗಿ ಒಂದೇ ಸಾಲಿನದ್ದು. ‘ಪರವಾಗಿಲ್ಲ’, ‘ದುಡ್ಡು ದಂಡ’, ‘ಒಂದು ಸಲ ನೋಡಬಹುದು’. ವಿಮರ್ಶಕರು ನಾಲ್ಕು ಪುಟ ಬರೆದರೂ ಊರಿನಲ್ಲಿ ಉಳಿಯುವುದು ಈ ಸಾಲೇ. ಕತೆ ಬರೆಯುವ ನಾನೂ ಸಿನಿಮಾಗಳನ್ನು ಹಾಗೆಯೇ ತೂಗುತ್ತ ಬಂದಿದ್ದೇನೆ. ನನ್ನ ತಕ್ಕಡಿ ಮಾತ್ರ ಸ್ವಲ್ಪ ಬೇರೆ. ಪರದೆಯ ಮೇಲೆ ಮುಸ್ಲಿಂ ಪಾತ್ರವೊಂದು ಬಂದ ಕೂಡಲೇ ನಾನು ಕೇಳಿಕೊಳ್ಳುವ ಪ್ರಶ್ನೆ ಇಷ್ಟೆ: ಇವರ ಮನೆಯಲ್ಲಿ ಅಕ್ಕಿ ಮುಗಿದರೆ ತರುವವರು ಯಾರು?

ಪ್ರಶ್ನೆ ಬಾಲಿಶವೆನಿಸಬಹುದು. ಆದರೆ ಅಕ್ಕಿ ತರುವವನಿಗೆ ಒಂದು ಕಸುಬು ಇರಬೇಕಾಗುತ್ತದೆ, ಅಂಗಡಿಯವನಲ್ಲಿ ಸಾಲದ ಲೆಕ್ಕ ಇರಬೇಕಾಗುತ್ತದೆ, ನೆರೆಹೊರೆ ಇರಬೇಕಾಗುತ್ತದೆ. ಇಷ್ಟು ಇದ್ದರೆ ಅವನು ಮನುಷ್ಯ. ಇಲ್ಲದಿದ್ದರೆ ಶೇರ್ವಾನಿ ತೊಡಿಸಿದ ಗೊಂಬೆ.

ನನ್ನ ಪ್ರಾಥಮಿಕ ಶಾಲೆ ಉರ್ದುವಿನದು, ಆಮೇಲೆ ಓದಿದ್ದೆಲ್ಲ ಕನ್ನಡದಲ್ಲಿ. ಮನೆಯಲ್ಲಿ ಆಡುತ್ತಿದ್ದುದು ‘ನಕ್ಕೋ’, ‘ಹೌ’ ಎನ್ನುವ ದಖನಿ. ಭಾನುವಾರ ಸಂಜೆ ದೂರದರ್ಶನದಲ್ಲಿ ಬರುತ್ತಿದ್ದ ಹಳೆಯ ಚಿತ್ರಗಳ ಮುಸ್ಲಿಮರು ಆಡುತ್ತಿದ್ದುದು ಲಖನೌದ ಉರ್ದು. ನಮ್ಮ ಅಮ್ಮಿಗೆ ಅದರಲ್ಲಿ ಅರ್ಧ ಅರ್ಥವಾಗುತ್ತಿರಲಿಲ್ಲ. ‘ಇವರು ಯಾವ ಊರಿನ ಸಾಬರೋ’ ಎಂದು ಅವರು ನಗುತ್ತಿದ್ದರು.

ಅಂಥ ಚಿತ್ರಗಳಲ್ಲಿ ‘ಚೌದವೀ ಕಾ ಚಾಂದ್’ (1960) ಒಂದು. ಗೆಳೆಯ ಮೆಚ್ಚಿದ ಹುಡುಗಿಯೇ ತನ್ನ ಹೆಂಡತಿ ಎಂದು ಅರಿಯದವನ ಕತೆ. ತೀರ್ಪು: ಬುರ್ಖಾ ಇಲ್ಲಿ ಉಡುಪಲ್ಲ, ಕತೆಯನ್ನು ಎರಡೂವರೆ ಗಂಟೆ ಎಳೆಯುವ ಹಗ್ಗ. ‘ಮೇರೆ ಮೆಹಬೂಬ್’ (1963): ನೌಷಾದರ ಸಂಗೀತಕ್ಕಾಗಿ ಎಷ್ಟು ಸಲವಾದರೂ ನೋಡಬಹುದು. ಅಲೀಗಢ ವಿಶ್ವವಿದ್ಯಾಲಯದಲ್ಲಿ ಓದುವ ನಾಯಕ ಯಾವ ಪಾಠ ಓದುತ್ತಾನೆಂಬುದು ಮಾತ್ರ ಕೊನೆಯವರೆಗೂ ನೆನಪಿನಲ್ಲಿ ನಿಲ್ಲುವುದಿಲ್ಲ.

ಕಮಾಲ್ ಅಮ್ರೋಹಿಯವರ ‘ಪಾಕೀಝಾ’ (1972): ದುಃಖವನ್ನು ಇಷ್ಟು ಚೆಂದವಾಗಿ ತೋರಿಸಬಾರದು. ಬಿಡುಗಡೆಯಾದ ಎರಡು ತಿಂಗಳೊಳಗೆ ಮೀನಾ ಕುಮಾರಿ ತೀರಿಕೊಂಡರು ಎಂಬುದು ಗೊತ್ತಿರುವವರಿಗೆ ಅದು ಬರೀ ಸಿನಿಮಾ ಆಗಿ ಉಳಿಯುವುದೂ ಇಲ್ಲ. ‘ಉಮ್ರಾವ್ ಜಾನ್’ (1981) ಅದಕ್ಕಿಂತ ಪ್ರಾಮಾಣಿಕ. ಕೋಠಿಯಲ್ಲಿ ಹಣದ ವ್ಯವಹಾರ ಹೇಗೆ ನಡೆಯುತ್ತದೆಂಬುದನ್ನು ಮುಜಫ್ಫರ್ ಅಲಿ ಮರೆಮಾಚುವುದಿಲ್ಲ.

ಐತಿಹಾಸಿಕ ಚಿತ್ರಗಳಿಗೆ ಬಂದರೆ ಎರಡನ್ನು ಪಕ್ಕಪಕ್ಕ ಇಟ್ಟು ನೋಡಿ. ‘ಮೊಘಲ್-ಎ-ಆಜಮ್’ (1960)ನಲ್ಲಿ ಬಾದಶಹ ಅಕ್ಬರ್ ಜನ್ಮಾಷ್ಟಮಿಯ ದಿನ ಕೃಷ್ಣನ ತೊಟ್ಟಿಲು ತೂಗುತ್ತಾನೆ. ‘ಪದ್ಮಾವತ್’ (2018)ನಲ್ಲಿ ಸುಲ್ತಾನ ಖಿಲ್ಜಿ ಕತ್ತಲೆಯಲ್ಲಿ ಕುಳಿತು ಮಾಂಸ ಹರಿದು ತಿನ್ನುತ್ತಾನೆ. ಇತಿಹಾಸ ಎರಡರಲ್ಲೂ ಕಡಿಮೆಯೇ. ಐವತ್ತೆಂಟು ವರ್ಷಗಳಲ್ಲಿ ಬದಲಾದದ್ದು ನೋಡುವವರ ಮನಸ್ಸು.

ನಮ್ಮ ರಾಮನಗರದ ಬಂಡೆಗಳ ನಡುವೆ ಚಿತ್ರಿಸಿದ ‘ಶೋಲೆ’ (1975) ಮಟ್ಟದ ಮನರಂಜನೆ ಮತ್ತೆ ಬಂದಿಲ್ಲ. ಆದರೆ ಆ ಊರಿನ ಇಮಾಮ್ ಸಾಹೇಬರು ಒಳ್ಳೆಯವರೆನಿಸಿಕೊಳ್ಳಲು ಇದ್ದ ಮಗನನ್ನೇ ಕಳೆದುಕೊಳ್ಳಬೇಕಾಯಿತು. ಮೂರು ಜನರ ರಕ್ತ ಒಟ್ಟಿಗೆ ಹರಿದು ತಾಯಿಯ ಮೈ ಸೇರುವ ‘ಅಮರ್ ಅಕ್ಬರ್ ಆಂಥೋನಿ’ (1977)ಯನ್ನು ಯಾವ ಡಾಕ್ಟರೂ ಒಪ್ಪಲಾರ. ಆದರೂ ಅದರ ಬಗ್ಗೆ ನನಗೆ ಪ್ರೀತಿ. ಅಲ್ಲಿಯ ಅಕ್ಬರ್ ಖವ್ವಾಲಿ ಹಾಡಿ ದುಡಿಯುತ್ತಾನೆ, ಹುಡುಗಿಯ ಅಪ್ಪನನ್ನು ಛೇಡಿಸುತ್ತಾನೆ, ಮನಸಾರೆ ನಗುತ್ತಾನೆ. ಪರದೆಯ ಮೇಲೆ ನಗುವ ಮುಸ್ಲಿಂ ಹುಡುಗರು ಆಮೇಲೆ ವಿರಳವಾದರು.

‘ಸರ್ಫರೋಶ್’ (1999) ಬಿಗಿಯಾದ ಪತ್ತೇದಾರಿ ಚಿತ್ರ. ಇನ್ಸ್‌ಪೆಕ್ಟರ್ ಸಲೀಮ್ ಅಪರಾಧಿಗಳನ್ನು ಹಿಡಿಯುವುದರ ಜೊತೆಗೆ ತನ್ನ ಮೇಲಿನ ಅನುಮಾನವನ್ನೂ ಬೆನ್ನಟ್ಟಬೇಕು. ‘ಚಕ್ ದೇ ಇಂಡಿಯಾ’ (2007): ಹಾಕಿಯ ಆಟ ಚೆನ್ನಾಗಿದೆ, ಹುಡುಗಿಯರು ಇನ್ನೂ ಚೆನ್ನಾಗಿದ್ದಾರೆ. ಆದರೆ ದೇಶದ್ರೋಹಿ ಎಂದು ಕರೆಸಿಕೊಂಡ ಕಬೀರ್ ಖಾನ್ ತನ್ನ ಮನೆಗೆ ಮರಳಲು ವಿಶ್ವಕಪ್ಪನ್ನೇ ಗೆಲ್ಲಿಸಿಕೊಡಬೇಕಾಯಿತು. ವಿಶ್ವಕಪ್ ಗೆಲ್ಲಲಾಗದ ಲಕ್ಷಾಂತರ ಖಾನರು ಏನು ಮಾಡಬೇಕು? ಅದಕ್ಕೆ ಉತ್ತರ ನಾಗೇಶ್ ಕುಕುನೂರರ ‘ಇಕ್ಬಾಲ್’ (2005). ಮಾತು ಬಾರದ, ಕಿವಿ ಕೇಳದ ಹಳ್ಳಿಯ ಹುಡುಗ ವೇಗದ ಬೌಲರ್ ಆಗಬೇಕೆನ್ನುತ್ತಾನೆ. ಅಪ್ಪನಿಗೆ ಮಗ ಹೊಲ ನೋಡಿಕೊಂಡಿದ್ದರೆ ಸಾಕು. ಜಗಳ ಅಷ್ಟೆ. ಇಕ್ಬಾಲ್ ಯಾರಿಗೂ ತನ್ನ ದೇಶಪ್ರೇಮದ ಲೆಕ್ಕ ಒಪ್ಪಿಸುವುದಿಲ್ಲ. ಎಮ್ಮೆ ಮೇಯಿಸುತ್ತಾನೆ, ಚೆಂಡು ಎಸೆಯುತ್ತಾನೆ. ನನ್ನ ತಕ್ಕಡಿಯಲ್ಲಿ ಪೂರ್ತಿ ತೂಕ.

ಇದನ್ನೆಲ್ಲ ಇಷ್ಟು ಗಂಭೀರವಾಗಿ ತೆಗೆದುಕೊಳ್ಳಬೇಕೇ ಎಂದು ಗೆಳೆಯರು ಕೇಳುತ್ತಾರೆ. ನನ್ನ ಅಕ್ಕನ ಮಗಳು ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದಳು. ಬಾಡಿಗೆ ಮನೆ ಹುಡುಕಲು ನಾನೂ ಜೊತೆಗೆ ಹೋಗಿದ್ದೆ. ಒಂದು ಮನೆಯ ಯಜಮಾನರು ಸಂಬಳ ಕೇಳಿದರು, ಊರು ಕೇಳಿದರು, ನೀರಿನ ವ್ಯವಸ್ಥೆ ತೋರಿಸಿದರು. ಹೆಸರು ಕೇಳಿದ ಮೇಲೆ ಆ ಮನೆ ಆಗಲೇ ಬೇರೆಯವರಿಗೆ ಹೋಗಿಬಿಟ್ಟಿತ್ತು. ‘ಮಾಮೂ, ಅವರು ನನ್ನ ಬಗ್ಗೆ ಏನು ತಿಳಿದುಕೊಂಡರು?’ ಎಂದು ಅವಳು ಮೆಟ್ಟಿಲಿಳಿಯುತ್ತ ಕೇಳಿದಳು. ಅವರು ಕೆಟ್ಟವರೆಂದು ನನಗನಿಸಲಿಲ್ಲ. ನವಾಬನನ್ನು, ಖವ್ವಾಲನನ್ನು, ಡಾನ್‌ನನ್ನು, ಭಯೋತ್ಪಾದಕನನ್ನು ಅವರು ಪರದೆಯ ಮೇಲೆ ಬೇಕಾದಷ್ಟು ನೋಡಿರಬೇಕು. ತಿಂಗಳ ಐದನೇ ತಾರೀಕಿಗೆ ಬಾಡಿಗೆ ಕಟ್ಟುವ ಮುಸ್ಲಿಂ ಹುಡುಗಿಯನ್ನು ಅವರಿಗೆ ಯಾರೂ ತೋರಿಸಿರಲಿಲ್ಲ.

ಅಲ್ಲ, ಒಬ್ಬರು ತೋರಿಸಿದ್ದರು. ಮೈಸೂರಿನಲ್ಲಿ ಹುಟ್ಟಿದ ಎಂ.ಎಸ್. ಸತ್ಯು 1973ರಲ್ಲಿ ನಿರ್ದೇಶಿಸಿದ ‘ಗರ್ಮ್ ಹವಾ’ದಲ್ಲಿ ಇದೆಲ್ಲ ಇದೆ. ದೇಶ ವಿಭಜನೆಯ ನಂತರದ ಆಗ್ರಾ. ಚಪ್ಪಲಿ, ಬೂಟು ತಯಾರಿಸುವ ಸಲೀಮ್ ಮಿರ್ಜಾನಿಗೆ ಬ್ಯಾಂಕು ಸಾಲ ಕೊಡುವುದಿಲ್ಲ, ಊರು ಬಾಡಿಗೆ ಮನೆ ಕೊಡುವುದಿಲ್ಲ. ಹವೇಲಿ ಬಿಡಲೊಲ್ಲದ ಮುದಿ ತಾಯಿ ಸೌದೆ ಕೋಣೆಯಲ್ಲಿ ಅಡಗಿ ಕೂರುತ್ತಾಳೆ. ಬಲರಾಜ್ ಸಾಹ್ನಿ ಎಲ್ಲಿಯೂ ಭಾಷಣ ಮಾಡುವುದಿಲ್ಲ. ಲೆಕ್ಕದ ಪುಸ್ತಕ ಮುಚ್ಚಿ ಎದ್ದು ಹೋಗುವ ವ್ಯಾಪಾರಿಯಂತೆ ನಡೆಯುತ್ತಾರೆ. ತೀರ್ಪು: ಐದು ದಶಕ ಕಳೆದರೂ ಹಳತಾಗದ ಸಿನಿಮಾ. ಹಳತಾಗದಿರುವುದು ಸಿನಿಮಾದ ಹೆಮ್ಮೆ, ನಮ್ಮೆಲ್ಲರ ನಾಚಿಕೆ.

ಕನ್ನಡದ ಮೂರು ಚಿತ್ರಗಳನ್ನು ಹೇಳಿ ಮುಗಿಸುತ್ತೇನೆ. ನಾಗಾಭರಣರ ‘ಸಂತ ಶಿಶುನಾಳ ಶರೀಫ’ (1990): ಅಶ್ವಥ್ ಅವರ ಸಂಗೀತದಿಂದ ಮನೆಮನೆ ಮುಟ್ಟಿದ ಚಿತ್ರ. ಆದರೆ ಸಂತ ಶರೀಫರನ್ನು ಪ್ರೀತಿಸುವುದು ಸುಲಭ, ಪಕ್ಕದ ಮನೆಗೆ ಬಾಡಿಗೆಗೆ ಬರುವ ಶರೀಫನನ್ನು ಒಪ್ಪುವುದು ಕಷ್ಟ. ಕಾಸರವಳ್ಳಿಯವರ ‘ಗುಲಾಬಿ ಟಾಕೀಸ್’ (2008)ನಲ್ಲಿ ಸೂಲಗಿತ್ತಿ ಗುಲಾಬಿ ಊರಿನ ಮಕ್ಕಳನ್ನೆಲ್ಲ ಕೈಗೆತ್ತಿಕೊಂಡವಳು. ಅವಳ ಮನೆಯ ಟಿವಿ ಮುಂದೆ ಕೂರುತ್ತಿದ್ದ ಊರೇ ಕೊನೆಗೆ ಅವಳನ್ನು ಹೊರಗೆ ಕಳಿಸುತ್ತದೆ. ಉಮಾಶ್ರೀ ಅವರ ಮುಖವೊಂದೇ ಸಾಕು, ವಿಮರ್ಶೆ ಬೇಡ.

ಮೂರನೆಯದು ‘ಹಸೀನಾ’ (2004). ಬಾನು ಮುಷ್ತಾಕ್ ಅವರ ‘ಕರಿ ನಾಗರಗಳು’ ಕತೆಯಿಂದ ಕಾಸರವಳ್ಳಿಯವರೇ ತೆಗೆದದ್ದು. ಗಂಡ ಬಿಟ್ಟುಹೋದ ಹೆಣ್ಣು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಮುತವಲ್ಲಿಯ ಬಳಿ ನ್ಯಾಯ ಕೇಳುತ್ತಾಳೆ. ಇದನ್ನು ನೋಡಿ ಮುಜುಗರಪಟ್ಟವರು ನಮ್ಮಲ್ಲಿ ಇದ್ದಾರೆ. ‘ನಮ್ಮ ಮನೆಯ ಮಾತು ಪರದೆಗೆ ಯಾಕೆ?’ ಎನ್ನುತ್ತಾರೆ. ನನ್ನ ತೀರ್ಪು ಬೇರೆ. ನಮ್ಮನ್ನು ಮನುಷ್ಯರಂತೆ ತೋರಿಸಿ ಎಂದು ಕೇಳುವವರು ನಮ್ಮ ತಪ್ಪನ್ನೂ ತೋರಿಸಲು ಬಿಡಬೇಕು. ಹಸೀನಾಳ ಮನೆಯಲ್ಲಿ ಅಕ್ಕಿ ಮುಗಿದಿದೆ. ತರುವವರು ಯಾರು ಎಂಬ ಪ್ರಶ್ನೆಯನ್ನು ಅವಳು ಕೇಳುತ್ತಿರುವುದು ಸಿನಿಮಾದವರನ್ನಲ್ಲ, ನಮ್ಮ ಜಮಾಅತ್ತನ್ನು.