ಬೆಂಕಿಯಿಲ್ಲದೆ ಕುದಿಯುವ ಕಡಲು

ಲಕ್ಷದ್ವೀಪದ ಕವರತ್ತಿಯ ದಡ. ಹವಳದ ಕಲ್ಲುಗಳ ಮೇಲೆ ಅಲೆ ಅಪ್ಪಳಿಸುತ್ತಿದೆ. ಪಕ್ಕದಲ್ಲೇ ಇರುವ ಈ ಕಟ್ಟಡ, ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ 2005ರಲ್ಲಿ ಕಟ್ಟಿದ ಸಿಹಿನೀರಿನ ಸ್ಥಾವರ. ಒಳಗೆ ಬನ್ನಿ. ಪಂಪುಗಳ ಸದ್ದಿನಲ್ಲಿ ಪಕ್ಕದವರ ಮಾತೂ ಕೇಳಿಸದು.

ಈ ಕೊಳವೆಯನ್ನು ಮುಟ್ಟಿ. ಹೊರಗಿನ ಗಾಳಿಯಷ್ಟೇ ಬೆಚ್ಚಗಿದೆ. ಕಡಲಿನ ಮೇಲ್ಪದರದ ನೀರು, ಸುಮಾರು 28 ಡಿಗ್ರಿ. ಈಗ ಆ ಇನ್ನೊಂದನ್ನು ಮುಟ್ಟಿ. ಮೈತುಂಬ ಹನಿಗಟ್ಟಿದೆ, ಕೈಯಿಟ್ಟರೆ ಜುಮ್ಮೆನ್ನುತ್ತದೆ. ಸುಮಾರು 350 ಮೀಟರ್ ಆಳದಿಂದ ಎಳೆದು ತಂದ ನೀರು ಅದು. ದ್ವೀಪದ ಅಂಚಿನಾಚೆ ಕಡಲು ಗಕ್ಕನೆ ಆಳಕ್ಕಿಳಿಯುವುದರಿಂದ ದಡದ ಹತ್ತಿರವೇ ಇಂಥ ತಣ್ಣೀರು ಸಿಗುತ್ತದೆ. ಲಕ್ಷದ್ವೀಪಕ್ಕೆ ಒಲಿದ ದೊಡ್ಡ ಅದೃಷ್ಟ ಇದೇ ಎಂದು ನನಗನ್ನಿಸುತ್ತದೆ.

ಬೆಚ್ಚಗಿನ ನೀರು ಎದುರಿನ ಉಕ್ಕಿನ ಕೋಣೆಗೆ ನುಗ್ಗುತ್ತಿದೆ. ಅದರೊಳಗಿನ ಗಾಳಿಯನ್ನು ಪಂಪುಗಳು ಹೀರಿಬಿಟ್ಟಿವೆ. ಒತ್ತಡ ಹೊರಗಿನದರ ನಲವತ್ತನೇ ಒಂದು ಪಾಲಿನಷ್ಟು. ಅಷ್ಟು ಕಡಿಮೆ ಒತ್ತಡದಲ್ಲಿ ಇಪ್ಪತ್ತೆರಡು ಡಿಗ್ರಿಗೇ ನೀರು ಕುದಿಯುತ್ತದೆ. ಒಲೆಯಿಲ್ಲ, ಉರಿಯಿಲ್ಲ, ಒಳಬಂದ ಕ್ಷಣವೇ ಕಡಲು ಕೊತಕೊತನೆ ಕುದಿದು ಆವಿಯೇಳುತ್ತದೆ. ಉಪ್ಪು ಕೆಳಗೇ ಉಳಿಯುತ್ತದೆ. ಆವಿ ಪಕ್ಕದ ಕೋಣೆಗೆ ಹೋಗಿ, ಆಳದ ತಣ್ಣೀರು ಹರಿಯುವ ಕೊಳವೆಗಳಿಗೆ ತಗುಲಿ ಹನಿಯಾಗುತ್ತದೆ. ನೂರು ಲೀಟರ್ ಒಳಹೋದರೆ ಸಿಹಿನೀರಾಗುವುದು ಹೆಚ್ಚುಕಡಿಮೆ ಒಂದೇ ಲೀಟರ್. ಉಳಿದದ್ದು ತುಸುವೇ ಉಪ್ಪು ಹೆಚ್ಚಿಸಿಕೊಂಡು ಕಡಲಿಗೆ ಮರಳುತ್ತದೆ. ಹವಳದ ನಡುವೆ ಬದುಕುವ ಊರಿಗೆ ಇದು ಸಣ್ಣ ವಿಷಯವಲ್ಲ.

ನಲ್ಲಿಯಿಂದ ಒಂದು ಲೋಟ ಹಿಡಿದು ಕುಡಿಯಿರಿ. ಉಪ್ಪಿನ ಸುಳಿವೇ ಇಲ್ಲ. ದಿನಕ್ಕೆ ಒಂದು ಲಕ್ಷ ಲೀಟರ್ ಇಂಥ ನೀರು ಕೊಡಲೆಂದೇ ಈ ಸ್ಥಾವರ ಕಟ್ಟಿದ್ದು. ದ್ವೀಪದಲ್ಲಿ ಹೊಳೆಯಿಲ್ಲ, ಹಳ್ಳವಿಲ್ಲ. ಮಳೆನೀರು ಮರಳಿಗಿಳಿದು, ಅಡಿಯ ಉಪ್ಪುನೀರಿನ ಮೇಲೆ ತೆಳ್ಳಗೆ ತೇಲುತ್ತದೆ. ಬಾವಿಯಿಂದ ಹೆಚ್ಚು ಸೇದಿದರೆ ಉಪ್ಪು ಮೇಲೇರುತ್ತದೆ.

ಮಿನಿಕಾಯ್, ಅಗತ್ತಿಗಳಿಗೆ 2011ರಲ್ಲಿ ಇಂಥವೇ ಸ್ಥಾವರಗಳು ಬಂದವು. ಆಮೇಲೆ ಅಮಿನಿ, ಕಡಮತ್ ಮುಂತಾದ ದ್ವೀಪಗಳ ಸರದಿ. ಅಮಿನಿ, ಕಡಮತ್ ಎರಡೂ 1956ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಅಲ್ಲಿನ ಕೊಬ್ಬರಿ, ತೆಂಗಿನ ನಾರಿನ ಹಗ್ಗ ಹಾಯಿದೋಣಿಗಳಲ್ಲಿ ಮಂಗಳೂರಿನ ಬಂದರಿಗೆ ಬರುತ್ತಿದ್ದವು. ಅವರ ಬಾಯಾರಿಕೆ ನಮಗೆ ದೂರದ ಸಂಗತಿಯಲ್ಲ.

ಹೊರಡುವ ಮುನ್ನ ಈ ಪಂಪುಗಳನ್ನು ಇನ್ನೊಮ್ಮೆ ನೋಡಿ. ಕುದಿಸುವುದಕ್ಕೆ ಉರುವಲು ಬೇಡ, ನಿಜ. ಆದರೆ ಪಂಪು ತಿರುಗಲು ಕರೆಂಟು ಬೇಕು, ದ್ವೀಪದ ಕರೆಂಟು ಬಹುಪಾಲು ಡೀಸೆಲ್‌ನದು, ಆ ಡೀಸೆಲ್ ಬರುವುದು ಹಡಗಿನಲ್ಲಿ. ಅದಕ್ಕೇ ಅದೇ ಸಂಸ್ಥೆ ಕವರತ್ತಿಯಲ್ಲಿ ಇನ್ನೊಂದು ಸ್ಥಾವರಕ್ಕೆ ಕೈಹಾಕಿದೆ. ಮೇಲಿನ ಬಿಸಿ, ಕೆಳಗಿನ ತಂಪು, ಇವೆರಡರ ವ್ಯತ್ಯಾಸದಿಂದಲೇ ಟರ್ಬೈನು ತಿರುಗಿಸಿ ಸುಮಾರು 65 ಕಿಲೋವ್ಯಾಟ್ ವಿದ್ಯುತ್ ಪಡೆದು, ಆ ವಿದ್ಯುತ್ತಿನಿಂದಲೇ ಸಿಹಿನೀರಿನ ಪಂಪು ಓಡಿಸುವ ಯೋಜನೆ ಅದು.