ಅದು ತುಂಟತನವಾಗಿರಲಿಲ್ಲ

ನಿಮ್ಮ ಮಗು ಪದೇ ಪದೇ ಕಣ್ಣು ಮಿಟುಕಿಸತೊಡಗಿದರೆ ನೀವೇನು ಮಾಡುತ್ತೀರಿ? ಮೊದಲು ಟಿ.ವಿ. ಬಂದ್ ಮಾಡುತ್ತೀರಿ. ಮೊಬೈಲ್ ಕಿತ್ತಿಡುತ್ತೀರಿ. ಆಮೇಲೆ ಕಣ್ಣಿನ ವೈದ್ಯರ ಬಳಿಗೆ ಕರೆದೊಯ್ಯುತ್ತೀರಿ. ನಾನೂ ಅದನ್ನೇ ಮಾಡಿದೆ. ಆಗ ನನ್ನ ಎರಡನೆಯ ಮಗನಿಗೆ ಏಳು ವರ್ಷ. ವೈದ್ಯರು ಹನಿ ಔಷಧ ಕೊಟ್ಟರು. ಮಿಟುಕಿಸುವುದು ಒಂದು ತಿಂಗಳಲ್ಲಿ ತಾನಾಗಿ ನಿಂತಿತು. ಔಷಧದ ಗುಣ ಎಂದುಕೊಂಡೆವು. ಅಷ್ಟರಲ್ಲಿ ಅವನು ಭುಜ ಕುಣಿಸತೊಡಗಿದ. ನಂತರ ಗಂಟಲಿನಿಂದ 'ಹುಂ, ಹುಂ' ಎಂಬ ಸದ್ದು ಶುರುವಾಯಿತು. ಕಿವಿ-ಮೂಗು-ಗಂಟಲಿನ ವೈದ್ಯರು ಅಲರ್ಜಿ ಇರಬಹುದೆಂದು ಸಿರಪ್ ಬರೆದುಕೊಟ್ಟರು. ಎರಡು ಬಾಟಲಿ ಮುಗಿದರೂ ಸದ್ದು ಮುಗಿಯಲಿಲ್ಲ.

ಇದನ್ನೆಲ್ಲ ಮಗನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಅವನಿಗೀಗ ಹನ್ನೆರಡು ವರ್ಷ. ತನ್ನ ಹೆಸರು ಹಾಕಬಾರದು, ಆದರೆ ರೂಲರಿನ ವಿಷಯ ಬಿಡಬಾರದು ಎಂದು ಹೇಳಿದ್ದಾನೆ.

ರೂಲರಿನ ವಿಷಯ ಹೀಗಿದೆ. ನಾನು ಬೆಳಿಗ್ಗೆ ಮದ್ರಸದಲ್ಲಿ ಪಾಠ ಮಾಡುತ್ತೇನೆ. ಅವನು ನನ್ನದೇ ತರಗತಿಯಲ್ಲಿದ್ದ. ಕುರ್‌ಆನ್ ಓದುವಾಗ ಆಯತ್‌ನ ನಡುವೆ 'ಹುಂ' ಎನ್ನುತ್ತಿದ್ದ. ಮಕ್ಕಳು ನಗುತ್ತಿದ್ದರು. ಮಕ್ಕಳನ್ನು ನಗಿಸಲೆಂದೇ ಇವನು ಹೀಗೆ ಮಾಡುತ್ತಾನೆ ಎಂದು ನನಗೆ ಖಚಿತವಾಗಿತ್ತು. ಟೀಚರ ಮಗನೇ ಹೀಗಾದರೆ ಬೇರೆಯವರಿಗೆ ನಾನೇನು ಹೇಳಲಿ ಎಂಬ ಸಿಟ್ಟು ಬೇರೆ. ಒಂದು ದಿನ ಎಲ್ಲರೆದುರು ಅಂಗೈ ಚಾಚಲು ಹೇಳಿ ರೂಲರಿನಿಂದ ನಾಲ್ಕು ಬಾರಿಸಿದೆ. ಆ ದಿನ ಸದ್ದು ಕಡಿಮೆಯಾಗುವ ಬದಲು ಹೆಚ್ಚಾಯಿತು. ಇನ್ನಷ್ಟು ಸಿಟ್ಟು ಬಂದು ಅವನನ್ನು ಹಿಂದಿನ ಸಾಲಿಗೆ ಕಳಿಸಿದೆ. ಮನೆಗೆ ಬರುವ ದಾರಿಯಲ್ಲಿ ಅವನು ಹೇಳಿದ: "ಉಮ್ಮಾ, ಅದನ್ನು ನಾನು ಮಾಡುವುದಲ್ಲ, ಅದು ತಾನೇ ಬರುವುದು."

ಇಷ್ಟು ಸ್ಪಷ್ಟವಾಗಿ ಮಗು ಹೇಳಿದರೂ ನನಗೆ ಅರ್ಥವಾಗಲು ಮತ್ತೆ ಒಂದು ವರ್ಷ ಬೇಕಾಯಿತು. ಆ ಒಂದು ವರ್ಷದಲ್ಲಿ ಏನೆಲ್ಲ ಆಯಿತು ಎಂದು ನೀವು ಊಹಿಸಬಲ್ಲಿರಿ. ನೆರೆಯವರು ಜಿನ್ನ್ ಬಾಧೆ ಎಂದರು. ಸಂಬಂಧಿಕರೊಬ್ಬರು ಮಂತ್ರಿಸಿದ ನೀರು ತಂದರು, ಇನ್ನೊಬ್ಬರು ನೂಲು ಕಟ್ಟಿದರು. ನಾನು ದೀನೀ ಶಿಕ್ಷಣ ಪಡೆದವಳು, ಜೊತೆಗೆ ಬಿ.ಎ. ಓದಿದವಳು. ದುಆ ಮಾಡುವುದು ಬೇರೆ, ದುಆದ ಹೆಸರಿನಲ್ಲಿ ಚಿಕಿತ್ಸೆಯನ್ನು ಮುಂದೂಡುವುದು ಬೇರೆ ಎಂದು ಇತರರಿಗೆ ಹೇಳುತ್ತಿದ್ದವಳು. ಆದರೂ ನೂಲು ಕಟ್ಟುವಾಗ ಸುಮ್ಮನೆ ನಿಂತಿದ್ದೆ. ಮಸೀದಿಯಲ್ಲಿ ಹಿರಿಯರೊಬ್ಬರು ತಿರುಗಿ ನೋಡಿದರೆಂದು ನನ್ನ ಪತಿ ಅವನನ್ನು ಜುಮಾಕ್ಕೆ ಕರೆದೊಯ್ಯುವುದನ್ನೇ ನಿಲ್ಲಿಸಿದರು. ಹಿಡಿತ ಮೀರಿ ಬರುವ ಕೆಮ್ಮಿಗೆ, ಸೀನಿಗೆ ನಮಾಝ್‌ನಲ್ಲಿ ರಿಯಾಯಿತಿ ಇದೆ ಎಂದು ಮಕ್ಕಳಿಗೆ ಕಲಿಸುವ ನನಗೆ ಮನೆಯಲ್ಲಿ ಅದು ನೆನಪಾಗಲಿಲ್ಲ!

ಕೊನೆಗೆ ಶಾಲೆಯಿಂದಲೇ ದೂರು ಬಂತು. ದೂರು ಇದ್ದುದು ಸದ್ದಿನ ಬಗ್ಗೆ ಅಲ್ಲ. ಒಂದು ಕಡೆ ಕುಳಿತುಕೊಳ್ಳುವುದಿಲ್ಲ, ಅರ್ಧ ಬರೆದು ಪುಸ್ತಕ ಮುಚ್ಚುತ್ತಾನೆ, ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಕೂಗುತ್ತಾನೆ, ದಿನಕ್ಕೊಂದು ಪೆನ್ಸಿಲ್ ಕಳೆದುಕೊಳ್ಳುತ್ತಾನೆ ಎಂದು. ಮಂಗಳೂರಿನಲ್ಲಿ ಮಕ್ಕಳ ಮನೋವೈದ್ಯರೊಬ್ಬರನ್ನು ಕಂಡೆವು. ಮನೋವೈದ್ಯರು ಎಂಬ ಪದಕ್ಕೇ ನನ್ನ ಅತ್ತೆ ಅತ್ತರು.

ವೈದ್ಯರು ಒಂದು ಗಂಟೆ ಕೇಳಿದರು. ನಾನು ಮೊಬೈಲಿನಲ್ಲಿ ತೆಗೆದಿದ್ದ ಎರಡು ವಿಡಿಯೋ ನೋಡಿದರು. (ನೀವು ಹೋಗುವುದಾದರೆ ವಿಡಿಯೋ ತಪ್ಪದೆ ಒಯ್ಯಿರಿ. ವೈದ್ಯರ ಮುಂದೆ ಮಕ್ಕಳು ಬಹಳ ಹೊತ್ತು ತಡೆದುಕೊಂಡು ಕುಳಿತಿರುತ್ತಾರೆ.) ಕಾಯಿಲೆಯ ಹೆಸರು ಟುರೆಟ್ ಸಿಂಡ್ರೋಮ್, ಜೊತೆಗೆ ಎಡಿಎಚ್‌ಡಿ, ಅಂದರೆ ಗಮನದ ಕೊರತೆ ಮತ್ತು ಅತಿ ಚಟುವಟಿಕೆ ಎಂದರು. 1885ರಲ್ಲಿ ಇಂತಹ ಒಂಬತ್ತು ರೋಗಿಗಳ ಬಗ್ಗೆ ಬರೆದ ಫ್ರಾನ್ಸಿನ ವೈದ್ಯ ಜಾರ್ಜ್ ಜಿಲ್ ಡಿ ಲಾ ಟುರೆಟ್‌ರ ಹೆಸರು ಅದು. ನನ್ನ ನಾಲಿಗೆಗೆ ಹತ್ತಲು ಎರಡು ದಿನ ಬೇಕಾಯಿತು. ಇಚ್ಛೆಯಿಲ್ಲದೆ ಬರುವ ಚಲನೆ ಮತ್ತು ಸದ್ದುಗಳಿಗೆ ಟಿಕ್ ಎನ್ನುತ್ತಾರೆ. ಹಲವು ಬಗೆಯ ಚಲನೆ ಮತ್ತು ಕನಿಷ್ಠ ಒಂದು ಬಗೆಯ ಸದ್ದು ಒಂದು ವರ್ಷಕ್ಕಿಂತ ಹೆಚ್ಚು ಕಾಲ ಉಳಿದರೆ ಅದು ಟುರೆಟ್. ಇದನ್ನು ತೋರಿಸಿಕೊಡುವ ರಕ್ತಪರೀಕ್ಷೆಯಾಗಲಿ ಸ್ಕ್ಯಾನ್ ಆಗಲಿ ಇಲ್ಲ. ಈ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚಿನವರಿಗೆ ಗಮನದ ಸಮಸ್ಯೆಯೂ ಇರುತ್ತದೆ. ಕೆಟ್ಟ ಮಾತು ತಾನಾಗಿ ಬಾಯಿಂದ ಬರುತ್ತದಂತೆ ಎಂದು ಕೆಲವರು ಹೆದರಿಸುತ್ತಾರೆ. ಅದು ಇರುವುದು ಹತ್ತರಲ್ಲಿ ಒಬ್ಬಿಬ್ಬರಲ್ಲಿ ಮಾತ್ರ. ಟಿಕ್‌ಗಳು ಸಾಮಾನ್ಯವಾಗಿ ಹತ್ತರಿಂದ ಹನ್ನೆರಡು ವರ್ಷದ ನಡುವೆ ಹೆಚ್ಚಾಗಿದ್ದು, ಆಮೇಲೆ ಅನೇಕರಲ್ಲಿ ತಗ್ಗುತ್ತವೆ.

ವಂಶದಲ್ಲಿ ಯಾರಿಗಾದರೂ ಇತ್ತೇ ಎಂದು ಅವರು ಕೇಳಿದಾಗ ನಾವು ಇಲ್ಲ ಎಂದೆವು. ಮನೆಗೆ ಬಂದು ಹೇಳಿದರೆ ಅತ್ತೆ ಕಣ್ಣೊರೆಸಿಕೊಂಡು, "ಯಾಕೆ, ನಿನ್ನ ಗಂಡನೇ ಸಣ್ಣವನಿರುವಾಗ ಮೂಗು ಮುರಿಯುತ್ತಾ ಕುತ್ತಿಗೆ ಕೊಡಹುತ್ತಿದ್ದನಲ್ಲ" ಎಂದರು. ನನ್ನ ಪತಿಗೆ ಅದು ನೆನಪೇ ಇರಲಿಲ್ಲ. ಮುಂದಿನ ಶುಕ್ರವಾರ ಅವರು ಮಗನ ಕೈಹಿಡಿದು ಜುಮಾಕ್ಕೆ ಹೋದರು.

ಎರಡನೆಯ ಭೇಟಿಯಲ್ಲಿ ನಾನು ನೇರವಾಗಿ ಕೇಳಿದೆ: "ಡಾಕ್ಟರೇ, ಈ ಸದ್ದು ನಿಲ್ಲಲು ಮದ್ದು ಕೊಡಿ." ಅವರು ನನಗೆ ಉತ್ತರಿಸಲಿಲ್ಲ. ಮಗನ ಕಡೆ ತಿರುಗಿ, "ನಿನಗೆ ಯಾವುದು ಹೆಚ್ಚು ಕಷ್ಟ?" ಎಂದು ಕೇಳಿದರು. ಅವನು ಸ್ವಲ್ಪ ಹೊತ್ತು ಯೋಚಿಸಿ, "ಓದಿದ್ದು ನಿಲ್ಲುವುದಿಲ್ಲ. ಮತ್ತೆ, ಉಮ್ಮ ಹಿಂದೆ ಕೂರಿಸುತ್ತಾರೆ" ಎಂದ. ಸದ್ದಿನ ಬಗ್ಗೆ ಒಂದು ಮಾತೂ ಇಲ್ಲ. ಸದ್ದಿನಿಂದ ಕಷ್ಟವಾಗುತ್ತಿದ್ದುದು ನನಗೆ, ನನ್ನ ಮಾನಕ್ಕೆ. ಟಿಕ್‌ಗಳು ನೋವು ಕೊಡದಿದ್ದರೆ, ಓದು-ಆಟಕ್ಕೆ ಅಡ್ಡಿಯಾಗದಿದ್ದರೆ, ಅವುಗಳನ್ನು ಸುಮ್ಮನೆ ಗಮನಿಸುತ್ತಾ ಇರುವುದೂ ಒಪ್ಪಿತ ದಾರಿಯೇ ಎಂದು ವೈದ್ಯರು ಹೇಳಿದರು. ಮಗುವಿಗೆ ಯಾವುದು ತೊಡಕಾಗಿದೆಯೋ ಅದಕ್ಕೆ ಮೊದಲು ಚಿಕಿತ್ಸೆ. ನಮ್ಮ ಮಗನಿಗೆ ಅದು ಗಮನದ ಕೊರತೆ.

ಆದರೂ ಟಿಕ್‌ಗೆ ಏನೂ ಮಾಡಲಿಲ್ಲ ಎಂದಲ್ಲ. ಮದ್ದಿಗಿಂತ ಮೊದಲು ಮಾಡಬಹುದಾದ ಒಂದು ಅಭ್ಯಾಸ ಚಿಕಿತ್ಸೆ ಇದೆ. ಇಂಗ್ಲಿಷಿನಲ್ಲಿ ಅದನ್ನು ಚುಟುಕಾಗಿ 'ಸಿ-ಬಿಟ್' ಎನ್ನುತ್ತಾರೆ. 2010ರಲ್ಲಿ ಅಮೆರಿಕದಲ್ಲಿ ಒಂಬತ್ತರಿಂದ ಹದಿನೇಳು ವರ್ಷದ 126 ಮಕ್ಕಳ ಅಧ್ಯಯನ ಪ್ರಕಟವಾಯಿತು. ಹತ್ತು ವಾರದಲ್ಲಿ ಎಂಟು ಪಾಠ. ಇದನ್ನು ಕಲಿತ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಸುಧಾರಿಸಿದರು. ಬರೀ ಮಾಹಿತಿ, ಧೈರ್ಯ ಪಡೆದ ಮಕ್ಕಳಲ್ಲಿ ಸುಧಾರಿಸಿದವರು ಐದರಲ್ಲಿ ಒಬ್ಬರಿಗಿಂತ ಕಡಿಮೆ. 2019ರಲ್ಲಿ ಅಲ್ಲಿನ ನರರೋಗ ತಜ್ಞರ ಅಕಾಡೆಮಿಯೂ ಇದನ್ನೇ ಮೊದಲು ಪ್ರಯತ್ನಿಸಲು ಸಲಹೆ ಮಾಡಿತು.

ಟಿಕ್ ಬರುವ ಮೊದಲು ಸೀನು ಬರುವ ಮುನ್ನ ಆಗುವಂತೆ ಒಂದು ತುಡಿತ ಆಗುತ್ತದೆ. ಮಗು ಆ ತುಡಿತವನ್ನು ಗುರುತಿಸಲು ಮೊದಲು ಕಲಿಯುತ್ತದೆ. ಆಮೇಲೆ ಆ ಟಿಕ್‌ನ ಜೊತೆ ಒಟ್ಟಿಗೆ ಮಾಡಲಾಗದ ಬೇರೊಂದು ಕೆಲಸವನ್ನು ಮಾಡುತ್ತದೆ. ಗಂಟಲಿನ ಸದ್ದಿಗೆ, ಬಾಯಿ ಮುಚ್ಚಿ ಮೂಗಿನಿಂದ ನಿಧಾನವಾಗಿ ಉಸಿರಾಡುವುದು. ಭುಜ ಕುಣಿಯುವುದಕ್ಕೆ, ಮೊಣಕೈಯನ್ನು ಪಕ್ಕೆಗೆ ಒತ್ತಿ ಹಿಡಿಯುವುದು. ತುಡಿತ ಇಳಿಯುವ ತನಕ, ಒಂದು ನಿಮಿಷವೋ ಏನೋ. ನನ್ನ ಮಗನಿಗೆ ಭುಜ ಬೇಗ ಹಿಡಿತಕ್ಕೆ ಬಂತು, ಗಂಟಲು ಬರಲಿಲ್ಲ. ಮನೆಯವರ ಪಾಲಿನ ಪಾಠವೂ ಇದೆ, ನನಗೆ ಅದೇ ಕಷ್ಟವಾದದ್ದು: ಟಿಕ್ ಬಂದಾಗ ನೋಡಬಾರದು, ಹೇಳಬಾರದು, 'ನಿಲ್ಲಿಸು' ಎನ್ನಬಾರದು. ಹೇಳಿದಷ್ಟೂ ಅದು ಹೆಚ್ಚುತ್ತದೆ. ರೂಲರ್ ಬಿದ್ದ ದಿನ ಸದ್ದು ಹೆಚ್ಚಿದ್ದು ಅದಕ್ಕೇ.

ಇನ್ನು ಮದ್ದಿನ ವಿಷಯ. ನಮಗೆ ಮೊದಲು ಕೊಟ್ಟದ್ದು ಕ್ಲೊನಿಡಿನ್. ಇದು ಮೂಲತಃ ರಕ್ತದೊತ್ತಡದ ಮಾತ್ರೆ. ಟಿಕ್ ಮತ್ತು ಗಮನದ ಕೊರತೆ ಎರಡಕ್ಕೂ ಸ್ವಲ್ಪ ಸ್ವಲ್ಪ ಉಪಕಾರ ಮಾಡುತ್ತದೆ. ನಿದ್ದೆ ಹೆಚ್ಚು. ಮೊದಲ ವಾರ ಮಗ ತಟ್ಟೆಯ ಮುಂದೆಯೇ ತೂಕಡಿಸುತ್ತಿದ್ದ. ಆದರೆ ದೊಡ್ಡ ತಪ್ಪು ಮಾಡಿದ್ದು ನಾನು. ಕಳೆದ ಈದ್‌ಗೆ ತವರಿಗೆ ಹೋಗಿದ್ದಾಗ ಚಿಕ್ಕಮ್ಮ, "ಬಿ.ಪಿ. ಮಾತ್ರೆಯನ್ನು ಯಾರಾದರೂ ಮಗುವಿಗೆ ತಿನ್ನಿಸುತ್ತಾರೆಯೇ?" ಎಂದರು. ಹೌದಲ್ಲ ಎನಿಸಿ, ಯಾರನ್ನೂ ಕೇಳದೆ ನಿಲ್ಲಿಸಿಬಿಟ್ಟೆ. ಎರಡನೆಯ ದಿನ ಮಗನಿಗೆ ವಿಪರೀತ ತಲೆನೋವು, ಎದೆಬಡಿತ. ಫೋನ್ ಮಾಡಿದರೆ ವೈದ್ಯರು ಕೂಡಲೇ ಹತ್ತಿರದ ಆಸ್ಪತ್ರೆಯಲ್ಲಿ ರಕ್ತದೊತ್ತಡ ನೋಡಿಸಲು ಹೇಳಿದರು. ಈ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಿದರೆ ರಕ್ತದೊತ್ತಡ ದಿಢೀರ್ ಏರುತ್ತದಂತೆ. ನಿಲ್ಲಿಸುವುದಾದರೆ ವೈದ್ಯರು ಹೇಳಿದಂತೆ ಹಂತ ಹಂತವಾಗಿ ಇಳಿಸಬೇಕು. ಅಲ್ಲಾಹನು ಕಾಪಾಡಿದ. ಈದ್‌ನ ಬಿರಿಯಾನಿ ಆ ಮನೆಯಲ್ಲಿ ಯಾರಿಗೂ ರುಚಿಸಲಿಲ್ಲ.

ಆರು ತಿಂಗಳಾದರೂ ಓದಿನಲ್ಲಿ ಹೆಚ್ಚು ಬದಲಾವಣೆ ಕಾಣದಿದ್ದಾಗ ಮೀಥೈಲ್‌ಫೆನಿಡೇಟ್ ಎಂಬ ಮದ್ದಿನ ಮಾತು ಬಂತು. ಇದು ಗಮನಕ್ಕೆ ಬಹಳ ಪರಿಣಾಮಕಾರಿ. ಆದರೆ ಟಿಕ್ ಹೆಚ್ಚಿಸುತ್ತದೆ ಎಂಬ ಹೆದರಿಕೆ ಬಹಳ ವರ್ಷ ವೈದ್ಯರಲ್ಲೂ ಇತ್ತು. 2002ರಲ್ಲಿ ಪ್ರಕಟವಾದ, 136 ಮಕ್ಕಳ ಮೇಲೆ ನಡೆದ ಅಧ್ಯಯನದಲ್ಲಿ ಈ ಹೆದರಿಕೆ ನಿಜವಾಗಲಿಲ್ಲ. ಎರಡೂ ಮದ್ದು ಸೇರಿಸಿ ಕೊಟ್ಟ ಮಕ್ಕಳಿಗೆ ಹೆಚ್ಚು ಗುಣ ಸಿಕ್ಕಿತು. ಒಬ್ಬೊಬ್ಬ ಮಗುವಿನಲ್ಲಿ ಟಿಕ್ ಏರಬಹುದು, ಅದಕ್ಕೇ ಸಣ್ಣ ಪ್ರಮಾಣದಿಂದ ಶುರುಮಾಡಿ ನೋಡುತ್ತಾರೆ. ನಾನು ಎರಡು ವಾರ ಇಸ್ತಿಖಾರಾ ಮಾಡಿ ಒಪ್ಪಿದೆ. ಮಗನ ಟಿಕ್ ಹೆಚ್ಚಾಗಲಿಲ್ಲ. ಆದರೆ ಹಸಿವು ಹೋಯಿತು, ಬುತ್ತಿ ಹಾಗೆಯೇ ವಾಪಸು ಬರುತ್ತಿತ್ತು. ಈಗ ಮಾತ್ರೆಗೆ ಮೊದಲು ಎರಡು ಮೊಟ್ಟೆ, ದೋಸೆ. ರಾತ್ರಿ ಅವನು ಕೇಳಿದ್ದು. ತೂಕ, ಎತ್ತರ, ರಕ್ತದೊತ್ತಡ ಪ್ರತಿ ಭೇಟಿಯಲ್ಲೂ ನೋಡುತ್ತಾರೆ. ಅಟೊಮಾಕ್ಸೆಟಿನ್ ಎಂಬ ಇನ್ನೊಂದು ಮದ್ದೂ ಇದೆ, ಅದರ ಫಲ ಕಾಣಲು ಕೆಲವು ವಾರ ಬೇಕು. ಟಿಕ್ ತೀರಾ ಜೋರಾಗಿದ್ದು ಕುತ್ತಿಗೆ ನೋಯುವಂತಿದ್ದರೆ ರಿಸ್ಪೆರಿಡೋನ್, ಅರಿಪಿಪ್ರಜೋಲ್‌ನಂತಹ ಮದ್ದು ಕೊಡುತ್ತಾರೆ. ಅವುಗಳಿಂದ ತೂಕ ಏರಬಹುದು. ನಮಗೆ ಅಲ್ಲಿಗೆ ಹೋಗುವ ಅಗತ್ಯ ಬೀಳಲಿಲ್ಲ, ಅಲ್‌ಹಮ್ದುಲಿಲ್ಲಾಹ್.

ಮದ್ದಿಲ್ಲದೆ ಆದ ಉಪಕಾರವನ್ನೂ ಹೇಳಬೇಕು. ಅವನನ್ನು ಹಿಂದಿನ ಸಾಲಿನಿಂದ ಎಬ್ಬಿಸಿ ನನ್ನ ಮೇಜಿನ ಪಕ್ಕದಲ್ಲಿ ಕೂರಿಸಿದೆ. ಒಂದು ಸಲಕ್ಕೆ ಒಂದೇ ಕೆಲಸ ಹೇಳುತ್ತೇನೆ. ಕಂಠಪಾಠ ಎರಡೆರಡೇ ಆಯತ್. ಅದೂ ಕುಳಿತು ಅಲ್ಲ, ಅಂಗಳದಲ್ಲಿ ನಡೆಯುತ್ತಾ. ಮುಂಚೆ ಒಂದು ತಿಂಗಳಿಗೂ ಮುಗಿಯದ ಸೂರಾ ಒಂದು ವಾರದಲ್ಲಿ ಮುಗಿಯಿತು. ತರಗತಿಯ ಮಕ್ಕಳಿಗೆ ಅವನ ಒಪ್ಪಿಗೆಯಿಂದಲೇ ವಿಷಯ ತಿಳಿಸಿದೆ. 2014ರ ವಿಶ್ವಕಪ್ ಫುಟ್‌ಬಾಲ್‌ನಲ್ಲಿ ಬೆಲ್ಜಿಯಂನ ಚೆಂಡುಗಳನ್ನು ಒಂದರ ಮೇಲೊಂದರಂತೆ ತಡೆದ ಅಮೆರಿಕದ ಗೋಲ್‌ಕೀಪರ್ ಟಿಮ್ ಹೊವಾರ್ಡ್‌ಗೂ ಇದೇ ಟುರೆಟ್ ಇದೆ ಎಂದಾಗ ಹುಡುಗರ ಕಣ್ಣು ಅರಳಿತು. ಎರಡು ದಿನ ನಕ್ಕರು, ಮೂರನೆಯ ದಿನ ಮರೆತರು. ರಮಝಾನ್‌ನಲ್ಲಿ ಮಾತ್ರ ಸಹರಿಗೆ ಎದ್ದು ನಿದ್ದೆ ಕೆಟ್ಟು ಟಿಕ್ ಏರುತ್ತದೆ. ಉಪವಾಸ ಹಿಡಿಯುವ ಆಸೆ ಅವನದು. ಮಾತ್ರೆಯ ಹೊತ್ತು ಬದಲಿಸುವ ಬಗ್ಗೆ ವೈದ್ಯರನ್ನು ಒಂದು ತಿಂಗಳ ಮೊದಲೇ ಕೇಳುತ್ತೇವೆ.

ಮಕ್ಕಳ ಮನೋವೈದ್ಯರು ಎಲ್ಲ ಊರಲ್ಲೂ ಇಲ್ಲ ಎಂಬುದು ನಿಜ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೆಂದೇ ವಿಭಾಗ ಇದೆ. 2022ರಲ್ಲಿ ಶುರುವಾದ ಸರಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ಖರ್ಚಿಲ್ಲ.

ಈಗ ಅವನಿಗೆ 'ಹುಂ' ಹೋಗಿ ಮೂಗು ಸೇದುವ ಟಿಕ್ ಬಂದಿದೆ. ಪಕ್ಕದ ಕೋಣೆಯಿಂದ ಕೇಳಿಸುತ್ತಿದೆ. ಮುಂದಿನ ತಿಂಗಳು ತಪಾಸಣೆ ಇದೆ. ಶಾಲೆಗೆ ರಜೆ ಇರುವಾಗ ಬೆಳಗಿನ ಮಾತ್ರೆ ಬೇಕೇ ಎಂದು ಕೇಳಬೇಕೆಂದು ಅವನೇ ತನ್ನ ಡೈರಿಯಲ್ಲಿ ಬರೆದಿಟ್ಟಿದ್ದಾನೆ. ಡೈರಿ ಎಲ್ಲಿಟ್ಟಿದ್ದಾನೆಂದು ಬೆಳಿಗ್ಗೆಯಿಂದ ಇಬ್ಬರೂ ಹುಡುಕುತ್ತಿದ್ದೇವೆ.